ಕೆಲಸಗಾರನಿಗೂ ಒಂದು ಖಾತೆ ಪುಸ್ತಕ

ಹೋಟೆಲಿನ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ರಟ್ಟಿನ ಉದ್ದನೆಯ ಪುಸ್ತಕವೊಂದು ಇರುವುದನ್ನು ನಮ್ಮ ವಾಚಕರಲ್ಲಿ ನೋಡದವರಿಲ್ಲ. ಅದರಲ್ಲಿ ಪ್ರತಿಯೊಬ್ಬ ಕೆಲಸಗಾರನಿಗೂ ಒಂದೊಂದು ಪುಟ. ಪುಟದ ನೆತ್ತಿಯಲ್ಲಿ ಹೆಸರು, ಅದರ ಕೆಳಗೆ ತಾರೀಖು, ತಾರೀಖಿನ ಮುಂದೆ ಅಡ್ವಾನ್ಸಿನ ಮೊತ್ತ. ಬರೆಯುವವನು ಮಾಲೀಕ, ಓದುವವನೂ ಮಾಲೀಕ. ಯಾರ ಹೆಸರಿನಲ್ಲಿ ಪುಟವಿದೆಯೋ ಆತನ ಬಳಿಯಲ್ಲಿ ಅದರ ಪ್ರತಿ ಇರುವುದಿಲ್ಲ. ಯೆರವಡಾದಲ್ಲಿ ಹದಿನಾಲ್ಕು ವರ್ಷ ಹೋಟೆಲು ನಡೆಸಿದ ನಾವೂ ಅಂತಹ ಪುಸ್ತಕವನ್ನು ಸ್ವಹಸ್ತದಿಂದ ಬರೆದವರೇ. ಆದುದರಿಂದ ಇಲ್ಲಿ ಹೇಳುವ ಮಾತನ್ನು ಯಾರೂ ಪರದೂಷಣೆಯೆಂದು ತಿಳಿಯಬಾರದಾಗಿ ವಿನಂತಿ.

2020ನೆಯ ಇಸವಿಯ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ನಮ್ಮ ಹೋಟೆಲೂ ಮುಚ್ಚಿತು. ಕೆಲವು ವಾರಗಳ ತರುವಾಯ ಊರಿಗೆ ಮರಳುವ ಅನುಕೂಲ ದೊರೆತಾಗ ಹುಡುಗರು ಒಬ್ಬೊಬ್ಬರಾಗಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಬಂದರು. ಅವರಲ್ಲಿ ಕುಂದಾಪುರದ ಕಡೆಯ ಸಪ್ಲಯರ್ ಒಬ್ಬನಿದ್ದ. ನಮ್ಮ ಪುಸ್ತಕದ ಪ್ರಕಾರ ಆತನ ಅಡ್ವಾನ್ಸು 11,000 ರೂಪಾಯಿ. “ಧಣಿ, ನಾನು ತೆಗೆದುಕೊಂಡದ್ದು ಎಂಟೇ ಸಾವಿರ” ಎಂದು ಆತ ಹೇಳಿದ. “ಪುಸ್ತಕದಲ್ಲಿ ಬರೆದಿದೆಯಲ್ಲೋ ಮಾರಾಯ, ನೀನೇ ನೋಡು” ಎಂದು ನಾವು ಪುಟ ತಿರುಗಿಸಿ ತೋರಿಸಿದೆವು. ಆತ ನೋಡಿದ, ಸುಮ್ಮನಾದ, ಕೊಟ್ಟಷ್ಟನ್ನು ಎಣಿಸಿಕೊಂಡು ಹೊರಟುಹೋದ.

ಆ ವರ್ಷದ ದೀಪಾವಳಿಯ ವೇಳೆಗೆ ಹೋಟೆಲನ್ನು ಬೇರೊಬ್ಬರಿಗೆ ವಹಿಸಿಕೊಡುವ ಸಲುವಾಗಿ ಹಳೆಯ ಬಾಕಿಗಳನ್ನು ತೀರಿಸುತ್ತಿದ್ದೆವು. ಆಗ ಹಾಲು ಹಾಕುವವನು ತನ್ನ ಚಿಕ್ಕ ಪುಸ್ತಕವನ್ನು ತಂದ. ಅದರಲ್ಲಿ ಫೆಬ್ರವರಿ 9ರಂದು ನಮ್ಮಿಂದ 3,000 ರೂಪಾಯಿ ಜಮಾ ಎಂದಿತ್ತು. ನಮ್ಮ ಪುಸ್ತಕದ ಹಾಲಿನ ಪುಟದಲ್ಲಿ ಆ ಕಲಮು ಇರಲಿಲ್ಲ. ಹುಡುಕಿ ನೋಡಲಾಗಿ, ಅದೇ ತಾರೀಖು, ಅದೇ ಮೊತ್ತ, ಆ ಕುಂದಾಪುರದ ಹುಡುಗನ ಪುಟದಲ್ಲಿ ನಮ್ಮದೇ ಅಕ್ಷರದಲ್ಲಿ ಕುಳಿತಿತ್ತು. ಬೆಳಗಿನ ಗಿರಾಕಿಗಳ ಗದ್ದಲದಲ್ಲಿ ಪುಟ ತಪ್ಪಿ ಬರೆದಿದ್ದೆವು. ಆ ದಿನವೇ ಫೋನಿನ ಮೂಲಕ ಹಣ ಕಳುಹಿಸಿದೆವು. ಮುಟ್ಟಿತೆಂದು ಎರಡು ಪದಗಳ ಉತ್ತರ ಬಂತು. ಆತ ಮತ್ತೆ ಪುಣೆಗೆ ಬರಲಿಲ್ಲ. ಈಗ ಬೆಂಗಳೂರಿನಲ್ಲಿರುವನೆಂದು ಕೇಳಿದ್ದೇವೆ.

ಹಾಲಿನವನ ಬಳಿ ಪುಸ್ತಕವಿದ್ದುದರಿಂದ ಆತನ ಲೆಕ್ಕ ಸರಿಯಾಗಿ ಉಳಿಯಿತು. ಹುಡುಗನ ಬಳಿ ಇಲ್ಲದುದರಿಂದ ಆತ ಅರ್ಧ ವರ್ಷ ಮಾಡದ ಸಾಲವನ್ನು ಹೊತ್ತ. ನಾವು ಅಪ್ರಾಮಾಣಿಕರಾಗಿರಲಿಲ್ಲವೆಂಬುದು ಆತನಿಗೆ ಆ ದಿನ ಯಾವ ಸಮಾಧಾನವನ್ನು ತಂದೀತು? ಹೋಟೆಲು ಕೆಲಸಗಾರರೂ ಗುಮಾಸ್ತರೂ ತಮ್ಮದೇ ಆದ ಲೆಕ್ಕವನ್ನು, ಮಾಲೀಕನ ಲೆಕ್ಕದೊಡನೆ ತಾಳೆ ನೋಡಬಹುದಾದ ರೀತಿಯಲ್ಲಿ ಇಡಬೇಕೆಂದು ನಾವು ಇಂದು ಹೇಳುವುದಕ್ಕೆ ಇದೇ ಕಾರಣ.

ಲೆಕ್ಕವಿಡುವುದು ನಮ್ಮ ಜನಕ್ಕೆ ಹೊಸತೇನೂ ಅಲ್ಲ. ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ನಮ್ಮ ಶಾನುಭೋಗರೂ ವರ್ತಕರೂ ತಲೆತಲಾಂತರ ಲೆಕ್ಕವಿಟ್ಟರು. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಇಂದಿಗೂ ಆಕರವಾಗಿವೆ. ಕಿರ್ದಿ, ಖಾತೆ, ಜಮಾ, ಶಿಲ್ಕು ಎಂಬ ಮಾತುಗಳನ್ನು ಪುಣೆಯ ಯಾವ ಹಳೆಯ ಪೇಠೆಯಲ್ಲಿ ಆಡಿದರೂ ಮರಾಠಿ ವ್ಯಾಪಾರಿಗೆ ಅರ್ಥವಾಗುತ್ತದೆ. ನಮ್ಮ ಕರಾವಳಿಯವರಿಗಂತೂ ಪಿಗ್ಮಿ ಸಂಗ್ರಾಹಕನ ನೆನಪಿರಬೇಕು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆಯು 1928ರಲ್ಲಿ ಮನೆಬಾಗಿಲಿಗೆ ಬಂದು ದಿನಕ್ಕೆರಡಾಣೆಯನ್ನೂ ಸ್ವೀಕರಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. 2020ರಲ್ಲಿ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತಾದರೂ, ಎರಡಾಣೆಯನ್ನು ಕೂಡ ಪುಸ್ತಕದಲ್ಲಿ ಬರೆದುಕೊಡುವ ಆ ಪದ್ಧತಿಯಿಂದ ಎಷ್ಟೋ ಮನೆಗಳಲ್ಲಿ ಮದುವೆಗಳಾಗಿವೆ.

ನಾವಿರುವ ಈ ಯೆರವಡಾದ ಕಾರಾಗೃಹದಲ್ಲಿ 1922ರಿಂದ 1924ರ ವರೆಗೂ, ಮತ್ತೆ 1932ರಲ್ಲಿಯೂ ಗಾಂಧೀಜಿಯವರು ಸೆರೆಯಲ್ಲಿದ್ದರು. ಅವರು ಇಂಗ್ಲೆಂಡಿನಲ್ಲಿ ಓದುತ್ತಿದ್ದ ಕಾಲದಲ್ಲಿ ಕಾಸುಕಾಸಿಗೂ ಲೆಕ್ಕವಿಟ್ಟು, ಬಂಡಿಯ ಚಾರ್ಜು, ಅಂಚೆ ಚೀಟಿ, ಪತ್ರಿಕೆಗೆ ಕೊಟ್ಟ ಪುಡಿಕಾಸನ್ನು ಸಹ ಬರೆದು, ರಾತ್ರಿ ಮಲಗುವ ಮುನ್ನ ಶಿಲ್ಕು ತೆಗೆಯುತ್ತಿದ್ದುದಾಗಿ ತಮ್ಮ ಆತ್ಮಕಥೆಯಲ್ಲಿ ತಿಳಿಸಿರುವರು. ಮುಂದೆ ಲಕ್ಷಗಟ್ಟಲೆ ಸಾರ್ವಜನಿಕ ಹಣವನ್ನು ಸಾಲಕ್ಕೆ ಸಿಲುಕದೆ ನಿರ್ವಹಿಸಲು ಈ ಅಭ್ಯಾಸವೇ ನೆರವಾಯಿತೆಂಬುದು ಅವರ ಅಭಿಪ್ರಾಯ.

ಈಗಿನ ಕಾಲದ ತೊಡಕೇ ಬೇರೆ. 2016ರಲ್ಲಿ ಯು.ಪಿ.ಐ. ಬಂದ ಮೇಲೆ ಹತ್ತು ರೂಪಾಯಿಯ ಚಹಾಕ್ಕೂ ಫೋನು ತೋರಿಸುವುದು ರೂಢಿಯಾಗಿದೆ. ಕಿಸೆಯಲ್ಲಿನ ನೋಟು ತೆಳ್ಳಗಾಗುವುದು ಕೈಗೆ ತಿಳಿಯುತ್ತಿತ್ತು. ಫೋನಿನಲ್ಲಿನ ಹಣ ಕರಗುವುದು ತಿಳಿಯದು. ಪ್ರತಿಯೊಂದಕ್ಕೂ ದಾಖಲೆಯಿದೆ, ನಿಜ. ಆದರೆ ಅದು ಬ್ಯಾಂಕಿನಲ್ಲಿ ಒಂದಿಷ್ಟು, ಸಂದೇಶಗಳಲ್ಲಿ ಒಂದಿಷ್ಟು ಎಂದು ಚೆದುರಿಹೋಗಿರುತ್ತದೆ. ಮಾಲೀಕನ ಕೈಯಿಂದ ನಗದಾಗಿ ಪಡೆದ ಅಡ್ವಾನ್ಸಂತೂ ಅದರಲ್ಲೆಲ್ಲಿಯೂ ಕಾಣದು.

ಇದಕ್ಕಾಗಿಯೇ ಆ್ಯಪುಗಳಿವೆಯಲ್ಲ ಎಂದು ತರುಣರು ಕೇಳುವರು. ಇವೆ. ನಮ್ಮ ಪುಣೆಯಲ್ಲಿಯೇ ಹುಟ್ಟಿದ ವಾಲ್‌ನಟ್ ಎಂಬ ಆ್ಯಪು ಫೋನಿಗೆ ಬರುವ ಬ್ಯಾಂಕಿನ ಸಂದೇಶಗಳನ್ನು ತಾನೇ ಓದಿ ಖರ್ಚಿನ ಪಟ್ಟಿ ತಯಾರಿಸಿ ಕೊಡುತ್ತಿತ್ತು. ಜಾಣ ಕೆಲಸವೇ ಸರಿ. 2018ರಲ್ಲಿ ಅದನ್ನು ಕೊಂಡದ್ದು ಕ್ಯಾಪಿಟಲ್ ಫ್ಲೋಟ್ ಎಂಬ ಸಾಲ ನೀಡುವ ಸಂಸ್ಥೆ. ಇದರಲ್ಲಿ ಕಾನೂನುಬಾಹಿರವಾದುದು ಏನೂ ಇಲ್ಲ. ಆದರೂ ನಮ್ಮ ಕೈ ಯಾವ ವಾರದಲ್ಲಿ ಬರಿದಾಗುತ್ತದೆಂಬುದನ್ನು ಅತ್ಯಂತ ಚೆನ್ನಾಗಿ ಬಲ್ಲ ಪುಸ್ತಕವು ಸಾಲ ಕೊಡುವವನ ಮೇಜಿನ ಮೇಲಿರುವುದು ಎಷ್ಟು ಉಚಿತವೆಂಬುದನ್ನು ವಾಚಕರೇ ವಿಚಾರಿಸಲಿ. ಇನ್ನು ಬಾಳಿಕೆಯ ಮಾತು. ಮೈಕ್ರೋಸಾಫ್ಟಿನಂತಹ ದೊಡ್ಡ ಕಂಪನಿಯು ತನ್ನ ‘ಮನಿ’ ಎಂಬ ಲೆಕ್ಕದ ತಂತ್ರಾಂಶದ ಮಾರಾಟವನ್ನು 2009ರಲ್ಲಿ ನಿಲ್ಲಿಸಿತು. ಅಮೆರಿಕದಲ್ಲಿ ಲಕ್ಷಾಂತರ ಜನ ಬಳಸುತ್ತಿದ್ದ ‘ಮಿಂಟ್’ 2024ರ ಮಾರ್ಚಿನಲ್ಲಿ ಮುಚ್ಚಿತು. ಪುಸ್ತಕ ಬೇರೊಬ್ಬರದಾದರೆ ಅಂಗಡಿ ಮುಚ್ಚಿದ ದಿನ ಪುಸ್ತಕವೂ ಹೋಗುವುದೇ.

ಇದಕ್ಕೆ ನಮಗೆ ತೃಪ್ತಿಕರವೆಂದು ತೋರಿದ ಉಪಾಯವೊಂದನ್ನು, ಊಟಕ್ಕೆ ಬರುತ್ತಿದ್ದ ಧಾರವಾಡದ ತರುಣರೊಬ್ಬರು ಕಲಿಸಿಕೊಟ್ಟರು. ಅವರು ಕಾಮರ್‌ಝೋನ್ ಕಡೆಯ ಕಚೇರಿಯೊಂದರಲ್ಲಿ ಉದ್ಯೋಗಿಗಳು. ನಾವು ಎಸ್.ಎಸ್.ಎಲ್.ಸಿ.ಯಿಂದ ಮುಂದೆ ಓದಿದವರಲ್ಲವಾದುದರಿಂದ ಮೊದಲು ಹಿಂಜರಿದೆವು. ಆದರೆ ಅದರ ತಿರುಳು ನಮ್ಮ ಕಿರ್ದಿ-ಖಾತೆಯೇ ಎಂದು ಅರ್ಧ ಗಂಟೆಯಲ್ಲಿ ಮನವರಿಕೆಯಾಯಿತು. ಜಾನ್ ವೀಗ್ಲಿ ಎಂಬವರು 2003ರಲ್ಲಿ ರಚಿಸಿದ ‘ಲೆಡ್ಜರ್’, ಅದರ ಜಾಡಿನಲ್ಲಿ ಸೈಮನ್ ಮೈಕೆಲ್ ಎಂಬವರು 2007ರಲ್ಲಿ ಆರಂಭಿಸಿದ ‘ಎಚ್‌ಲೆಡ್ಜರ್’ ಎಂಬ ತಂತ್ರಾಂಶಗಳಿವೆ. ಎರಡಕ್ಕೂ ಬೆಲೆಯಿಲ್ಲ, ಯಾರು ಬೇಕಾದರೂ ಪಡೆಯಬಹುದು. ಲೆಕ್ಕವನ್ನು ಬರಿಯ ಅಕ್ಷರಗಳ ಕಡತವೊಂದರಲ್ಲಿ ನಾವೇ ಬರೆದಿಡುವುದು. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಒಂದು ಆಜ್ಞೆಯನ್ನು ಟೈಪು ಮಾಡಿದರೆ ಅದು ಆ ಕಡತವನ್ನು ಓದಿ ಕೂಡಿಸಿ ತೋರಿಸುವುದು. ಇಷ್ಟೇ. ಕಡತವನ್ನು ಫೋನಿನಲ್ಲಿ ಬರೆಯಬಹುದು, ಕಾಗದದ ಮೇಲೆ ಅಚ್ಚು ಹಾಕಿಸಬಹುದು. ತಂತ್ರಾಂಶವೇ ನಾಳೆ ಇಲ್ಲವಾದರೂ ಕಣ್ಣಿದ್ದವರು ಓದಬಹುದು. ಕನ್ನಡದಲ್ಲಿ ಬರೆದರೂ ಅದಕ್ಕೆ ಅಡ್ಡಿಯಿಲ್ಲ. ಬಗೆ ಹೀಗಿದೆ:

2025-08-01 ಅಡ್ವಾನ್ಸು ಪಡೆದುದು
    ಆಸ್ತಿ:ನಗದು       2000
    ಸಾಲ:ಮಾಲೀಕರು      -2000

2025-08-02 ಊರಿಗೆ ಕಳುಹಿಸಿದ್ದು
    ಖರ್ಚು:ಮನೆ        1500
    ಆಸ್ತಿ:ನಗದು

ಖಾತೆಯ ಹೆಸರಿಗೂ ಮೊತ್ತಕ್ಕೂ ನಡುವೆ ಕನಿಷ್ಠ ಎರಡು ಖಾಲಿ ಜಾಗ ಬಿಡಬೇಕು. ಹಣ ಎಲ್ಲಿಗೆ ಬಂತೋ ಅಲ್ಲಿ ಕೂಡುವುದು, ಎಲ್ಲಿಂದ ಬಂತೋ ಅಲ್ಲಿ ಕಳೆಯುವುದು. ಎರಡನೆಯ ಕಲಮಿನಲ್ಲಿ ನಗದಿನ ಮುಂದೆ ಮೊತ್ತ ಬರೆದಿಲ್ಲ. ಅದು ಕಳೆ 1500 ಎಂದು ಯಂತ್ರವೇ ತಿಳಿಯುತ್ತದೆ. ‘ಎಚ್‌ಲೆಡ್ಜರ್ ಬ್ಯಾಲೆನ್ಸ್’ ಎಂಬ ಎರಡು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪು ಮಾಡಿದರೆ ನಗದು 500, ಮನೆಯ ಖರ್ಚು 1500, ಮಾಲೀಕರ ಸಾಲ ಕಳೆ 2000, ಒಟ್ಟು ಸೊನ್ನೆ ಎಂದು ತೋರಿಸುತ್ತದೆ. ಪ್ರತಿಯೊಂದು ಕಲಮೂ ಕೂಡಿದಾಗ ಸೊನ್ನೆಯಾಗಲೇಬೇಕು. ಆಗದಿದ್ದರೆ ಮುಂದೆ ಹೋಗದೆ ದೂರು ಹೇಳುತ್ತದೆ. ಇದು ವೆನಿಸ್ ನಗರದ ವರ್ತಕರು ರೂಢಿಯಲ್ಲಿಟ್ಟಿದ್ದ, ಲೂಕಾ ಪಚೋಲಿ ಎಂಬ ಸಂನ್ಯಾಸಿ 1494ರಲ್ಲಿ ಅಚ್ಚು ಮಾಡಿಸಿದ ಇಬ್ಬದಿ ಲೆಕ್ಕದ ಕ್ರಮವೇ.

ಈ ಇಬ್ಬದಿ ಲೆಕ್ಕದಿಂದ ಕೆಲಸಗಾರನಿಗೆ ಏನು ಲಾಭವೆಂಬುದು ಸಂಬಳದ ದಿನ ಗೊತ್ತಾಗುವುದು. ಸಂಬಳ 14,000 ಎಂದಿಟ್ಟುಕೊಳ್ಳೋಣ. ಅಡ್ವಾನ್ಸಿನ 2,000 ಮುರಿದು ಮಾಲೀಕ 12,000ವನ್ನು ಬ್ಯಾಂಕಿಗೆ ಹಾಕುತ್ತಾನೆ. “ಈ ತಿಂಗಳು ಹನ್ನೆರಡೇ ಬಂತು” ಎಂದು ಹುಡುಗ ಮನೆಗೆ ಫೋನು ಮಾಡುತ್ತಾನೆ. ಕೆಲವು ತಿಂಗಳು ಹೀಗೆ ನಡೆದರೆ ತನ್ನ ಸಂಬಳವೇ ಹನ್ನೆರಡು ಸಾವಿರವೆಂದು ನಂಬತೊಡಗುತ್ತಾನೆ. ಇದನ್ನು ನಾವು ಪ್ರತ್ಯಕ್ಷ ಕಂಡಿದ್ದೇವೆ. ಪುಸ್ತಕದಲ್ಲಿ ಅದು ಹೀಗೆ ಬರುವುದು:

2025-09-01 ಆಗಸ್ಟ್ ಸಂಬಳ
    ಆಸ್ತಿ:ಬ್ಯಾಂಕು       12000
    ಸಾಲ:ಮಾಲೀಕರು       2000
    ಆದಾಯ:ಸಂಬಳ        -14000

ದುಡಿದದ್ದು ಹದಿನಾಲ್ಕು, ಕೈಗೆ ಬಂದದ್ದು ಹನ್ನೆರಡು, ತೀರಿದ ಸಾಲ ಎರಡು ಎಂಬ ಮೂರೂ ಸಂಗತಿಗಳು ಒಂದೇ ಕಡೆ ಕಾಣುತ್ತವೆ. ಸಾಲದ ಖಾತೆ ಸೊನ್ನೆಗೆ ಬಂದ ಮೇಲೆಯೂ ಸಂಬಳದಲ್ಲಿ ಮುರಿತ ನಡೆದರೆ, ಅದೇ ಖಾತೆಯಲ್ಲಿ ಕೂಡು ಅಂಕಿ ಬಂದು ನಿಲ್ಲುತ್ತದೆ: ಮಾಲೀಕನೇ ಕೊಡಬೇಕಾದ ಹಣ. ಆದಾಯದ ಮುಂದೆ ಕಳೆ ಚಿಹ್ನೆ ಏಕೆಂದು ಹೊಸಬರು ಗಾಬರಿಯಾಗುವುದುಂಟು. ನಾವೂ ಆದೆವು. ಹಣ ಹೊರಟ ಜಾಗಕ್ಕೆ ಆ ಗುರುತು ಎಂದು ನೆನಪಿಟ್ಟುಕೊಂಡರೆ ಸಾಕು.

ಆದರೆ ಯಂತ್ರದ ಮೇಲೆ ಕುರುಡು ನಂಬಿಕೆಯೂ ಬೇಡ. ಹಾಲಿನ 3,000ವನ್ನು ನಾವು ಈ ತಂತ್ರಾಂಶದಲ್ಲಿ ಹುಡುಗನ ಖಾತೆಗೆ ಬರೆದಿದ್ದರೆ ಅದು ಚಕಾರವೆತ್ತುತ್ತಿರಲಿಲ್ಲ. ಕೂಡಿದರೆ ಸೊನ್ನೆಯೇ ಬರುತ್ತಿತ್ತು. ಖಾತೆ ತಪ್ಪಿ ಬರೆದ ತಪ್ಪನ್ನು ಹಿಡಿಯುವುದು ಎದುರಿನವನ ಪುಸ್ತಕ ಮಾತ್ರ. ಆದುದರಿಂದ ತಿಂಗಳಿಗೊಮ್ಮೆ ಮಾಲೀಕನ ಪುಟವನ್ನು ಕೇಳಿ ಓದಬೇಕು, ತನ್ನ ಪುಸ್ತಕದ ಸಾಲದ ಖಾತೆಯೊಡನೆ ತಾಳೆ ನೋಡಬೇಕು. ಅಡ್ವಾನ್ಸು ಪಡೆದ ದಿನವೇ ಮೊತ್ತವನ್ನು ವಾಟ್ಸಾಪಿನಲ್ಲಿ ಮಾಲೀಕರಿಗೆ ಬರೆದು ಅವರಿಂದ ‘ಸರಿ’ ಎಂಬ ಉತ್ತರ ಪಡೆದಿಟ್ಟರೆ ಇನ್ನೂ ಉತ್ತಮ. ನಾವೇ ಬರೆದ ಕಡತವನ್ನು ನಾವೇ ತಿದ್ದಲೂ ಬಹುದಾದುದರಿಂದ, ಒಂದು ಕಡೆಯ ಬರಹಕ್ಕೆ ಇತರರ ಮುಂದೆ ಹೆಚ್ಚಿನ ತೂಕವಿರದು. ಬ್ಯಾಂಕಿನ ವಿಷಯದಲ್ಲಿ ತಂತ್ರಾಂಶವೇ ನೆರವಾಗುತ್ತದೆ. ತಿಂಗಳ ಕೊನೆಗೆ ಬ್ಯಾಂಕಿನ ಖಾತೆಯ ಮುಂದೆ ‘0 = 9340’ ಎಂದು ಪಾಸ್‌ಬುಕ್ಕಿನ ಶಿಲ್ಕನ್ನು ಬರೆದರೆ, ನಮ್ಮ ಲೆಕ್ಕ ಅದಕ್ಕೆ ಹೊಂದದಿದ್ದಲ್ಲಿ ಆ ಸಾಲಿನಲ್ಲಿಯೇ ತಡೆದು ನಿಲ್ಲಿಸುತ್ತದೆ.

ಮುಂಜಾವದ ಇಡ್ಲಿಯಿಂದ ರಾತ್ರಿಯ ಪಾತ್ರೆಯ ತನಕ ನಿಂತು ದುಡಿದವನಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ, ಕಂಪ್ಯೂಟರೆಲ್ಲಿ ಎಂಬ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ಕಂಪ್ಯೂಟರಿಲ್ಲದವನು ಇದೇ ಕ್ರಮದಲ್ಲಿ ಹತ್ತು ರೂಪಾಯಿಯ ನೋಟುಪುಸ್ತಕದಲ್ಲಿ ಬರೆಯಲಿ. ಚಹಾ, ಬೀಡಿಯ ಖರ್ಚನ್ನು ವಾರಕ್ಕೊಂದು ಮೊತ್ತವಾಗಿ ಬರೆದರೂ ನಡೆದೀತು, ಅಡ್ವಾನ್ಸನ್ನು ಮಾತ್ರ ಆ ದಿನವೇ ಬರೆಯಲಿ. ನಮ್ಮ ದೂರಿರುವುದು ಗುಮಾಸ್ತ ಬಂಧುಗಳ ಮೇಲೆ. ಹಗಲೆಲ್ಲ ಮಾಲೀಕನ ಲೆಕ್ಕವನ್ನು, ಬೆಂಗಳೂರಿನ ಕಂಪನಿಯೊಂದು ತಯಾರಿಸುವ ಟ್ಯಾಲಿಯಲ್ಲಿ ಒಂದು ಪೈಸೆ ತಪ್ಪದಂತೆ ಬರೆಯುವವರು ಇವರು. ಸಂಜೆ ತಮ್ಮ ಸಂಬಳ ಎಲ್ಲಿ ಹೋಯಿತೆಂದು ಕೇಳಿದರೆ ತಲೆ ಕೆರೆದುಕೊಳ್ಳುವರು. ಅವರ ಕೋಣೆಯಲ್ಲಿಯೇ, ಒಂದೇ ಬಾಡಿಗೆಯಲ್ಲಿ ಪಾಲುದಾರರಾಗಿ, ಎಷ್ಟೋ ಕಡೆ ಹೋಟೆಲಿನ ಹುಡುಗರೂ ಇರುತ್ತಾರೆ. ಅವರು ಚೀಟಿಯಲ್ಲಿ ಬರೆದು ತಂದದ್ದನ್ನು ವಾರಕ್ಕೊಮ್ಮೆ ಕಡತಕ್ಕೆ ಏರಿಸಿಕೊಡುವುದು ಕಾಲು ಗಂಟೆಯ ಕೆಲಸ. ಮಾಲೀಕ ಮಿತ್ರರಿಗೂ ಒಂದು ಮಾತು: ಪುಟವನ್ನು ಕೇಳಿದ ಹುಡುಗನನ್ನು ಅಪನಂಬಿಕೆಯವನೆಂದು ತಿಳಿಯಬೇಡಿರಿ. ನಮ್ಮನ್ನು ಅಂದು ಯಾರಾದರೂ ಕೇಳಿದ್ದರೆ ಚೆನ್ನಾಗಿತ್ತು.

ಬರುವ ಭಾನುವಾರದಿಂದ ನಾಲ್ಕು ವಾರಗಳ ಕಾಲ, ಮಧ್ಯಾಹ್ನದ ಊಟದ ಗಿರಾಕಿ ಮುಗಿಯುವ ಮೂರೂವರೆಯಿಂದ ಐದು ಗಂಟೆಯ ವರೆಗೆ, ಧಾರವಾಡದ ಆ ತರುಣರು ನಮ್ಮ ಕಚೇರಿಯಲ್ಲಿ ಕುಳಿತು ಕಲಿಸಲು ಒಪ್ಪಿದ್ದಾರೆ. ಶುಲ್ಕವಿಲ್ಲ. ಬರುವವರು ಬ್ಯಾಂಕಿನ ಪಾಸ್‌ಬುಕ್ಕನ್ನೂ, ಮಾಲೀಕರಿಂದ ಪಡೆದ ಅಡ್ವಾನ್ಸು ಎಷ್ಟೆಂಬುದನ್ನು ನೆನಪಿರುವಷ್ಟು ಬರೆದ ಚೀಟಿಯನ್ನೂ ತರಬೇಕು. ಮೊದಲ ಕಲಮನ್ನು ಅಲ್ಲಿಂದಲೇ ಬರೆಯತೊಡಗುವೆವು.