ಕೈಕೊಡೋ ಕಾರನ್ನ ಮುದ್ದು ಮಾಡೋರಿಗೆ

ಬಹಳ ದಿನ ಆಯ್ತು ಇಲ್ಲಿ ಬರೆಯದೆ. ಆಫೀಸು, ರಿಲೀಸು, ಸೋಮಾರಿತನ... ಕಾರಣಗಳೆಲ್ಲ ನಿಮಗೆ ಗೊತ್ತಿರೋವೇ. ಇವತ್ತು ಬರೀತಿರೋದು ಸಿಟ್ಟಿಗೆ. ಸಿಟ್ಟು ಮೊದಲು ನನ್ನ ಮೇಲೆ, ಆಮೇಲೆ ನಿಮ್ಮ ಮೇಲೆ.

2023ರ ಅಕ್ಟೋಬರ್ ಕೊನೆಯಲ್ಲಿ ಮುಂಬೈನ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳಲ್ಲಿ ಕೊನೆಯದು ರಸ್ತೆಯಿಂದ ಇಳೀತು. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿ ಆಗಿದ್ದು 2003ರ ಅಕ್ಟೋಬರಿನಲ್ಲಿ, ಅಲ್ಲಿಗೆ ಲೆಕ್ಕ ಮುಗೀತು. ಆ ವಾರ ನಮ್ಮವರೆಲ್ಲ ಅಪ್ಪನ ಕಾರು, ಮಾವನ ಕಾರು, ಊರ ಡಾಕ್ಟರ ಕಾರು ಅಂತ ಬರೆದಿದ್ದೇ ಬರೆದಿದ್ದು. 'ಆ ಕಾರಿಗೆ ಜೀವ ಇತ್ತು' ಅನ್ನೋ ಸಾಲನ್ನ ನಾನೇ ಆರು ಕಡೆ ಓದಿದೆ. ಏಳನೆಯದನ್ನ ನಾನೇ ಬರೆದೆ. :-)

ನಮ್ಮ ಮನೆಯ ಕಾರು ಯಾವ ಕಂಪನಿಯದು ಅಂತ ಹೇಳಲ್ಲ, ಹೇಳಿದರೆ ಅದರ ಅಭಿಮಾನಿಗಳು ಜಗಳಕ್ಕೆ ಬರ್ತೀರಿ. ಬಿಳಿ ಬಣ್ಣದ್ದು, ನನಗಿಂತ ಹತ್ತು ವರ್ಷ ದೊಡ್ಡದು. ಅಪ್ಪ 2003ರಲ್ಲಿ ಧಾರವಾಡದವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡು ದಾಂಡೇಲಿಗೆ ತಂದಿದ್ದ. ಆ ಪೋಸ್ಟಿನಲ್ಲಿ ನಾನು ಬರೆದದ್ದು ಇಷ್ಟು. ಮುಂಡಗೋಡದ ಮದುವೆಗೆ ಹೋಗುವಾಗ ಕಲಘಟಗಿ ದಾಟಿದ ಮೇಲೆ ಕಾರು ನಿಂತು, ಅವ್ವ ರೇಷ್ಮೆ ಸೀರೆ ಎತ್ತಿ ಕಟ್ಟಿ ದಬ್ಬಿದ್ದು. ಬೇಸಿಗೆಯಲ್ಲಿ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ ಎಂಜಿನ್ನಿಗೆ ಹೋಗದಿದ್ದಾಗ ಅದರ ಮೇಲೆ ಒದ್ದೆ ಬಟ್ಟೆ ಹಾಕಿ ಮಗುವಿನ ಜ್ವರ ಇಳಿಸೋ ಹಾಗೆ ಕಾಯ್ತಿದ್ದದ್ದು. ಹಳಿಯಾಳದ ಮಿಸ್ತ್ರಿ ಬಾನೆಟ್ಟು ತೆಗೆಯದೇ ಬರೀ ಸದ್ದು ಕೇಳಿ "ಪಾಯಿಂಟ್ ಹೋಗ್ಯಾವು" ಅಂತಿದ್ದದ್ದು. ಚೆಂದ ಇತ್ತು, ಜನ ಮೆಚ್ಚಿದರು.

ಮೊನ್ನೆ, ಇಷ್ಟು ದಿನ ಆದಮೇಲೆ, ತಂಗಿ ಅದನ್ನ ಓದಿ ಫೋನ್ ಮಾಡಿದಳು. "ಅಣ್ಣಾ, ಛಲೋ ಬರದಿ. ಆದ್ರ ಅದ್ರಾಗ ನಾ ಎಲ್ಲಿದೀನಿ?"

ಮೊದಲು ಅರ್ಥ ಆಗಲಿಲ್ಲ. ಆಮೇಲೆ ಆಯ್ತು.

2006ರ ಜುಲೈ. ಉಳವಿ ಕಡೆ ಅವ್ವನ ತವರು, ಅಲ್ಲಿಂದ ರಾತ್ರಿ ದಾಂಡೇಲಿಗೆ ವಾಪಸ್ಸು ಬರ್ತಿದ್ವಿ. ತಂಗಿಗೆ ಐದು ವರ್ಷ, ದಮ್ಮು ಇತ್ತು. ಆವತ್ತು ಸಂಜೆಯಿಂದಲೇ ಉಸಿರು ಎಳೀತಿತ್ತು, ಅದಕ್ಕೇ ಹೊರಟಿದ್ದು. ಜೋಯಿಡಾದ ಮಳೆ ನೋಡಿದವರಿಗೆ ಹೇಳೋದು ಬೇಡ, ನೋಡದವರಿಗೆ ಹೇಳಿದರೂ ತಿಳಿಯಲ್ಲ. ಕಾಡಿನ ನಡುವೆ ಕಾರು ಎರಡು ಸಲ ಕೆಮ್ಮಿ ನಿಂತುಬಿಡ್ತು. ಡಿಸ್ಟ್ರಿಬ್ಯೂಟರ್ ಕ್ಯಾಪಿನಲ್ಲಿ ಬಿರುಕಿತ್ತು. ಅದರೊಳಗೆ ನೀರಿನ ಪಸೆ ಹೋದರೆ ಕರೆಂಟು ಪ್ಲಗ್ಗಿಗೆ ಹೋಗೋ ಬದಲು ಬಿರುಕಿನ ಗುಂಟ ಸೋರಿಹೋಗುತ್ತೆ, ಕಿಡಿ ಹುಟ್ಟಲ್ಲ. ಇದೆಲ್ಲ ನಾನು ತಿಳಿದದ್ದು ಎಂಜಿನಿಯರಿಂಗ್ ಓದುವಾಗ. ಆವತ್ತು ಕಂಡದ್ದು ಅಪ್ಪ ಬನಿಯನ್ ಬಿಚ್ಚಿ ಆ ಕ್ಯಾಪನ್ನ ಒರೆಸ್ತಾ ನಿಂತದ್ದು, ನಾನು ಟಾರ್ಚ್ ಹಿಡಿದದ್ದು. ಮೊಬೈಲ್ ಸಿಗ್ನಲ್ ಇಲ್ಲ. 108 ಆಂಬುಲೆನ್ಸ್ ಕರ್ನಾಟಕಕ್ಕೆ ಬಂದಿದ್ದೇ 2008ರ ನವೆಂಬರಿನಲ್ಲಿ. ಹಿಂದಿನ ಸೀಟಿನಲ್ಲಿ ಅವ್ವ ತಂಗಿಯನ್ನ ನೆಟ್ಟಗೆ ಕೂರಿಸಿ ಬೆನ್ನು ತಿಕ್ಕುತ್ತಾ ಇದ್ದಳು. ಆ ಉಸಿರಿನ ಸದ್ದು ಮಳೆಯ ಸದ್ದಿನಲ್ಲೂ ಕೇಳಿಸ್ತಿತ್ತು.

ಸುಮಾರು ಮುಕ್ಕಾಲು ಗಂಟೆ. ಎದುರಿನಿಂದ ಒಂದು ಬಾಡಿಗೆ ಜೀಪು ಬಂತು. ಆ ಮನುಷ್ಯ ಏನೂ ಕೇಳದೆ ಜೀಪು ತಿರುಗಿಸಿ ನಮ್ಮನ್ನ ದಾಂಡೇಲಿಗೆ ತಂದ. ತಂಗಿ ಬದುಕಿದಳು.

ನಮ್ಮ ಮನೆಯಲ್ಲಿ ಈ ಕಥೆಯನ್ನ ಇಷ್ಟು ವರ್ಷ ಹೇಳಿದ್ದು ಹೇಗೆ ಗೊತ್ತಾ? 'ಅಪ್ಪ ಕಾಡಿನಾಗ ಬನಿಯನ್ ಬಿಚ್ಚಿ ಕಾರು ಒರೆಸಿದ ಕಥೆ' ಅಂತ! ಹಬ್ಬಕ್ಕೆ ನೆಂಟರು ಬಂದಾಗೆಲ್ಲ ಹೇಳಿ ನಕ್ಕಿದ್ದೇವೆ. ತಂಗಿಯೂ ನಕ್ಕಿದ್ದಾಳೆ, ಅಥವಾ ನಕ್ಕಳು ಅಂತ ನಾವು ಅಂದ್ಕೊಂಡಿದ್ದೇವೆ. ಅವಳು ಇವತ್ತಿಗೂ ಯಾವ ಕ್ಯಾಬ್ ಹತ್ತಿದರೂ ಮೊದಲು ಡ್ಯಾಶ್‌ಬೋರ್ಡಿನ ದೀಪಗಳನ್ನ ನೋಡ್ತಾಳೆ. ನಾನು ಅದನ್ನೂ ತಮಾಷೆ ಮಾಡ್ತಿದ್ದೆ.

ಕೈಕೊಡೋ ಕಾರು ಮುದ್ದಾಗಿ ಕಾಣೋದು ಅದನ್ನ ನೆಚ್ಚಿಕೊಳ್ಳಬೇಕಾಗಿಲ್ಲದವನಿಗೆ. ನಮ್ಮ ನೆನಪುಗಳಲ್ಲಿ ಕಾರು ನಿಂತದ್ದು ಯಾವಾಗಲೂ ಪಿಕ್‌ನಿಕ್ಕಿಗೆ ಹೋಗುವಾಗ, ಮದುವೆಗೆ ಹೋಗುವಾಗ. ಆಸ್ಪತ್ರೆಗೆ ಹೋಗುವಾಗ ನಿಂತದ್ದನ್ನ ಒಬ್ಬರೂ ಬರೆಯಲ್ಲ. ದಬ್ಬಿದವರು ಬರೆಯಲ್ಲ. ನಮ್ಮ ಅವ್ವನಿಗೆ ಆ ಮುಂಡಗೋಡದ ದಾರಿಯಲ್ಲಿ ನಕ್ಕೇನೂ ಬರಲಿಲ್ಲವಂತೆ, ಕೇಳಿದೆ. ಸೀರೆಗೆ ಹತ್ತಿದ ಗ್ರೀಸ್ ಹೋಗಲೇ ಇಲ್ಲ ಅಂದಳು, ಅಷ್ಟೇ.

ಇನ್ನು 'ಆಗಿನ ಕಾರು ಅಂದ್ರೆ ಗಟ್ಟಿ' ಅನ್ನೋರು. ಸ್ವಾಮಿ, ಅಂಬಾಸಿಡರ್ ಅಂದರೆ ಐವತ್ತರ ದಶಕದ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್. ಆ ಮೈಕಟ್ಟು 2014ರವರೆಗೂ ಹೆಚ್ಚುಕಡಿಮೆ ಹಾಗೇ ನಡೀತು. ಪದ್ಮಿನಿ ಅಂದರೆ ಕುರ್ಲಾದಲ್ಲಿ 1964ರಿಂದ ತಯಾರಾದ ಫಿಯಟ್ 1100, ಎಪ್ಪತ್ತರ ದಶಕದಲ್ಲಿ ಹೊಸ ಹೆಸರು ಇಟ್ಟರು. ಲೈಸೆನ್ಸು-ಕೋಟಾ ಕಾಲ, ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು, ಬೇರೆ ಆಯ್ಕೆ ಇಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಜನ ಮುಗಿಬಿದ್ದದ್ದು ಸುಮ್ಮನೆ ಅಲ್ಲ. ಕೀಲಿ ತಿರುಗಿಸಿದರೆ ಚಾಲೂ ಆಗುತ್ತೆ ಅನ್ನೋದು ಆಗ ದೊಡ್ಡ ಸುದ್ದಿ! ಆಯ್ಕೆ ಇಲ್ಲದ್ದಕ್ಕೆ ಕಟ್ಟಿಕೊಂಡದ್ದನ್ನ ಪ್ರೇಮವಿವಾಹ ಅಂತ ಹೇಳಿಕೊಂಡು ತಿರುಗೋದು ಯಾಕೆ?

ಒಂದು ಮಾತು ಒಪ್ತೀನಿ. ಹಳಿಯಾಳದ ಆ ಮಿಸ್ತ್ರಿಯ ವಿದ್ಯೆ ದೊಡ್ಡದು. ಇವತ್ತಿನ ಕಾರಿನಲ್ಲಿ ಒಂದು ಸೆನ್ಸರ್ ಹೋದರೆ ಸ್ಕ್ಯಾನರ್ ಇಲ್ಲದೆ ಅವನು ಏನೂ ಮಾಡಲಾರ. ಸ್ಕ್ಯಾನರ್ರೂ ಸಾಫ್ಟ್‌ವೇರೂ ಕಂಪನಿಗಳ ಮುಷ್ಟಿಯಲ್ಲಿವೆ. ನಾನೇ ಸಾಫ್ಟ್‌ವೇರಿನವನು, ಬೀಗ ಹಾಕೋದು ಎಷ್ಟು ಸುಲಭ ಅಂತ ಗೊತ್ತು. ಅದರ ಬಗ್ಗೆ ಸಿಟ್ಟಾಗಿ, ಜೊತೆಗೆ ನಾನೂ ಬರ್ತೀನಿ. ಆದರೆ ಅದು ಬೇರೆ ಜಗಳ. ರಿಪೇರಿ ಮಾಡಬಹುದು ಅನ್ನೋದೂ, ದಿನಾ ರಿಪೇರಿ ಮಾಡಬೇಕು ಅನ್ನೋದೂ ಒಂದೇ ಅಲ್ಲ.

ನನ್ನ ವಾದಕ್ಕೊಂದು ತೊಡಕೂ ಇದೆ, ಮುಚ್ಚಿಡಲ್ಲ. ನಮ್ಮನ್ನ ಆವತ್ತು ಉಳಿಸಿದ ಜೀಪು ನಮ್ಮ ಕಾರಿಗಿಂತ ಹಳೇದು! ಬಾಗಿಲಿಲ್ಲ, ಟಾರ್ಪಾಲಿನ ಬಳಿ ಹಗ್ಗ. ಆದರೆ ಆ ಮಳೆಯಲ್ಲಿ ಒಂದು ಸಲವೂ ಕೆಮ್ಮಲಿಲ್ಲ. ಬಸ್ಸು ದಿನಕ್ಕೆ ಎರಡು ಸಲ ಬರೋ ಊರುಗಳಿಗೆ ಜನರನ್ನ ಒಯ್ಯೋ ಗಾಡಿ, ಅದು ನಿಂತರೆ ಅವನ ಮನೆಯ ಒಲೆ ನಿಲ್ಲುತ್ತೆ. ಅದಕ್ಕೇ ದಿನಾ ನೋಡ್ತಿದ್ದ. ಅವನಿಗೆ ಅದರ ಮೇಲೆ ಕವನ ಬರೆಯೋ ಪುರುಸೊತ್ತಿರಲಿಲ್ಲ. ಅಂದರೆ ಹಳೇದು ಅನ್ನೋದಲ್ಲ ತಪ್ಪು. ನಾವು ಬಿರುಕನ್ನ ಗಮ್ ಹಚ್ಚಿ ಬಿಟ್ಟಿದ್ವಿ, ಅದನ್ನೇ 'ಅದರ ಸ್ವಭಾವ' ಅಂತ ಕರೆದಿದ್ವಿ.

ಜೋಯಿಡಾ ಕಡೆ ಇವತ್ತಿಗೂ ಅಂಥ ಗಾಡಿಗಳು ಓಡ್ತಿವೆ. 15 ವರ್ಷ ದಾಟಿದ ಸ್ವಂತ ಕಾರಿನ ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5000 ಆಯ್ತು. ಬೆಂಗಳೂರಿನಲ್ಲಿ ಹೊದಿಕೆ ಹೊದಿಸಿ, ಭಾನುವಾರ ಮಾತ್ರ ಹೊರಗೆ ತೆಗೆಯೋ ಹವ್ಯಾಸಿಗೆ ಅದೊಂದು ಊಟದ ಬಿಲ್ಲು. ಹಳೇ ಓಮ್ನಿ ಬಿಟ್ಟರೆ ಆಸ್ಪತ್ರೆಗೆ ದಾರಿ ಇಲ್ಲದವನಿಗೆ ಅದು ಟೈರಿನ ದುಡ್ಡು, ಬ್ರೇಕಿನ ದುಡ್ಡು. ಪದ್ಮಿನಿಗೆ ಅತ್ತವರಲ್ಲಿ ಇದರ ಬಗ್ಗೆ ಬರೆದವರು ಯಾರೂ ನನಗೆ ಕಾಣಲಿಲ್ಲ. ಹಳೇ ಕಾರಿನ ಮೇಲೆ ನಮಗೆ ಪ್ರೀತಿ, ಹಳೇ ಕಾರಿನಲ್ಲೇ ಇರೋರ ಮೇಲೆ ಇಲ್ಲ.

ಇದನ್ನ ಹಾಕೋ ಮುಂಚೆ ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. ಬೇಜಾರಾಗಬಹುದು ಅಂತ ಹೆದರಿಕೆ ಇತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಕ್ಯಾಪಿಗೆ ಭಾಳ ರೊಕ್ಕ ಏನಿರಲಿಲ್ಲಪಾ" ಅಂದ. "ಆ ತಿಂಗಳ ಸೀಟ್ ಕವರ್ ಹಾಕಿಸಿದ್ದೆ. ಹಾಕು, ಅದನ್ನೂ ಬರಿ."

ಬರೆದಿದ್ದೇನೆ. ಹಳೇ ಪೋಸ್ಟನ್ನ ಅಳಿಸಿಲ್ಲ, ಅದರ ಕೆಳಗೆ ತಂಗಿ ಕೇಳಿದ ಪ್ರಶ್ನೆಯನ್ನ ಸೇರಿಸಿದ್ದೇನೆ. ಜಗಳಕ್ಕೆ ಬರೋರು ಬನ್ನಿ, ಶನಿವಾರ ಪುರುಸೊತ್ತಾಗಿದ್ದೀನಿ.