ಶುಗರ್ ಏರುವ ಮೊದಲೇ ಸೋಲುವ ಕೋಶಗಳು

‘ಬಾರ್ಡರ್‌ನಲ್ಲಿದೆ ಅಷ್ಟೇ, ಮಾತ್ರೆ ಏನೂ ಬೇಡವಂತೆ.’ ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮನೆಗಳಲ್ಲಿ ಈ ಮಾತು ಸಮಾಧಾನದ ಮಾತಾಗಿ ಓಡಾಡುತ್ತಿದೆ. ಖಾಲಿ ಹೊಟ್ಟೆಯ ಸಕ್ಕರೆ 110ರ ಆಸುಪಾಸು ಇರುವ ಚೀಟಿ ಫೈಲು ಸೇರುತ್ತದೆ. ಹದಿನೈದು ದಿನ ಕಾಫಿಗೆ ಸಕ್ಕರೆ ನಿಲ್ಲುತ್ತದೆ. ಮುಂದಿನ ಚೀಟಿ ಬರುವುದು ವರ್ಷಗಳ ನಂತರ, ಪಾದ ಉರಿಯತೊಡಗಿದಾಗಲೋ ಕಣ್ಣು ಮಂಜಾದಾಗಲೋ. ಈ ಸಮಾಧಾನವೇ ಅಪಾಯ ಎಂದು ಈಗಲೇ ಹೇಳಬೇಕಾಗಿದೆ. ಚೀಟಿಯಲ್ಲಿ ಕಾಣುವ ಸಂಖ್ಯೆ ತಡವಾಗಿ ಬಂದ ಸುದ್ದಿ. ಅದಕ್ಕೆ ಎಷ್ಟೋ ಮೊದಲು ಮೇದೋಜೀರಕ ಗ್ರಂಥಿಯೊಳಗಿನ ಬೀಟಾ ಕೋಶಗಳು ಸೋಲತೊಡಗಿರುತ್ತವೆ.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ. ಅದರ ಅಂಚಿನಲ್ಲಿರುವವರು 13.6 ಕೋಟಿ. ಎರಡನೆಯ ಸಂಖ್ಯೆ ಮೊದಲನೆಯದಕ್ಕಿಂತ ದೊಡ್ಡದು ಎಂಬುದೇ ನಮ್ಮ ಆತಂಕಕ್ಕೆ ಕಾರಣ.

ಬೀಟಾ ಕೋಶ ಮಾಡುವ ಕೆಲಸ ಎಂಥದ್ದು ಎಂದು ತಿಳಿದರೆ ಅದು ಯಾಕೆ ದಣಿಯುತ್ತದೆ ಎಂಬುದೂ ತಿಳಿಯುತ್ತದೆ. ಮೇದೋಜೀರಕದಲ್ಲಿ ಚದುರಿರುವ ಸುಮಾರು ಹತ್ತು ಲಕ್ಷ ಸಣ್ಣ ದ್ವೀಪಗಳಲ್ಲಿ ಈ ಕೋಶಗಳ ವಾಸ. ಊಟವಾದ ಮೇಲೆ ರಕ್ತದ ಗ್ಲೂಕೋಸ್ ಕೋಶದೊಳಕ್ಕೆ ಬರುತ್ತದೆ. ಗ್ಲೂಕೋಕೈನೇಸ್ ಎಂಬ ಕಿಣ್ವ ಅದನ್ನು ಹಿಡಿದು ಉರಿಸಲು ಕಳಿಸುತ್ತದೆ. ಎಷ್ಟು ಗ್ಲೂಕೋಸ್ ಬಂದಿದೆ ಎಂದು ಅಳೆಯುವುದೂ ಇದೇ ಕಿಣ್ವ. ಉರಿದಾಗ ಹುಟ್ಟುವ ಎಟಿಪಿ, ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ನಾಳವನ್ನು ಮುಚ್ಚುತ್ತದೆ. ಪೊರೆಯ ವಿದ್ಯುತ್ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಆಗ ಕಾದಿದ್ದ ಇನ್ಸುಲಿನ್ ಕಣಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಎಷ್ಟೋ ಮನೆಗಳ ಮಾತ್ರೆ ಡಬ್ಬಿಯಲ್ಲಿರುವ ಗ್ಲಿಮಿಪಿರೈಡ್ ಮಾಡುವುದೂ ಇಷ್ಟೇ. ಅದು ಹೊಸ ಇನ್ಸುಲಿನ್ ತಂದುಕೊಡುವುದಿಲ್ಲ. ಅದೇ ಪೊಟ್ಯಾಸಿಯಂ ನಾಳವನ್ನು ಒತ್ತಿ ಮುಚ್ಚಿ, ದಣಿದ ಕೋಶದಿಂದ ಇನ್ನಷ್ಟು ಕೆಲಸ ತೆಗೆಯುತ್ತದೆ.

ಇನ್ಸುಲಿನ್ ತಯಾರಿಸುವುದಂತೂ ಇನ್ನೂ ಶ್ರಮದ ಕೆಲಸ. 11ನೇ ವರ್ಣತಂತುವಿನಲ್ಲಿರುವ ವಂಶವಾಹಿಯ ಸೂಚನೆಯಂತೆ ಮೊದಲು 110 ಅಮೈನೋ ಆಮ್ಲಗಳ ಉದ್ದನೆಯ ಸರ ಸಿದ್ಧವಾಗುತ್ತದೆ. ಅದು ಸರಿಯಾಗಿ ಮಡಚಿಕೊಳ್ಳಬೇಕು, ನಡುವಿನ ತುಂಡು ಕತ್ತರಿಸಿ ಹೋಗಬೇಕು. ಆಗ ಉಳಿಯುವ 51 ಅಮೈನೋ ಆಮ್ಲಗಳ ಜೋಡಿ ಸರವೇ ಇನ್ಸುಲಿನ್. ಕತ್ತರಿಸಿದ ಆ ತುಂಡೇ ಸಿ-ಪೆಪ್ಟೈಡ್. ಅದನ್ನು ರಕ್ತದಲ್ಲಿ ಅಳೆದರೆ ದೇಹ ತಾನಾಗಿ ಎಷ್ಟು ಇನ್ಸುಲಿನ್ ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಹೊಟ್ಟೆಯ ಸುತ್ತ, ಯಕೃತ್ತಿನಲ್ಲಿ ಕೊಬ್ಬು ತುಂಬಿ ಇನ್ಸುಲಿನ್‌ಗೆ ದೇಹ ಕಿವಿಗೊಡದೆ ಹೋದಾಗ ಕೋಶ ಎರಡು ಪಟ್ಟು, ಮೂರು ಪಟ್ಟು ದುಡಿಯಬೇಕಾಗುತ್ತದೆ. ಸರಿಯಾಗಿ ಮಡಚದ ಸರಗಳು ಒಳಗೇ ಶೇಖರವಾಗಿ ಕೋಶವನ್ನು ಹಿಂಸಿಸುತ್ತವೆ. ಕೆಲವು ಕೋಶಗಳು ಸಾಯುತ್ತವೆ. ಇನ್ನು ಕೆಲವು ಸಾಯದೆ, ತಾವು ಬೀಟಾ ಕೋಶ ಎಂಬ ಗುರುತನ್ನೇ ಕಳೆದುಕೊಂಡು ಸುಮ್ಮನಾಗುತ್ತವೆ ಎಂದು 2012ರಲ್ಲಿ ಇಲಿಗಳ ಮೇಲಿನ ಸಂಶೋಧನೆ ತೋರಿಸಿತು. ಸತ್ತ ಕೋಶ ಮರಳುವುದಿಲ್ಲ, ಸುಮ್ಮನಾದ ಕೋಶವನ್ನು ಮತ್ತೆ ಎಬ್ಬಿಸಬಹುದು. ಬೇಗ ಎಚ್ಚೆತ್ತುಕೊಳ್ಳಿ ಎಂದು ಒತ್ತಿ ಹೇಳುವುದಕ್ಕೆ ಇರುವ ದೊಡ್ಡ ಕಾರಣ ಇದು.

ಮೊದಲು ಕೆಡುವುದು ಊಟವಾದ ಮೊದಲ ಹತ್ತು ನಿಮಿಷಗಳಲ್ಲಿ ಥಟ್ಟನೆ ಹೊರಬರಬೇಕಾದ ಇನ್ಸುಲಿನ್. ಆಗ ಊಟದ ನಂತರದ ಸಕ್ಕರೆ ಏರುತ್ತದೆ, ಆದರೆ ರಾತ್ರಿಯಿಡೀ ಸಮಯ ಸಿಗುವುದರಿಂದ ಬೆಳಗಿನ ಖಾಲಿ ಹೊಟ್ಟೆಯ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಖಾಲಿ ಹೊಟ್ಟೆಯ ಪರೀಕ್ಷೆ ಒಂದನ್ನೇ ಮಾಡಿಸಿ ‘ನಾರ್ಮಲ್’ ಎಂದುಕೊಳ್ಳುವುದನ್ನು ನಮ್ಮ ಬಡಾವಣೆಗಳು ಬಿಡಬೇಕು. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಒಳ್ಳೆಯ ಪರೀಕ್ಷೆಯೇ. ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ದಾರಿ ತಪ್ಪಿಸುತ್ತದೆ, ನಮ್ಮ ಹೆಣ್ಣುಮಕ್ಕಳಲ್ಲಿ ಆ ಕೊರತೆ ಎಷ್ಟು ವ್ಯಾಪಕ ಎಂಬುದು ಎಲ್ಲರಿಗೂ ಗೊತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡುವ ಹಳೆಯ ಪರೀಕ್ಷೆಗೆ ಇಂದಿಗೂ ಬೆಲೆಯಿದೆ.

ಬ್ರಿಟನ್ನಿನ ದೊಡ್ಡ ಮಧುಮೇಹ ಅಧ್ಯಯನದ ಲೆಕ್ಕದಲ್ಲಿ, ಕಾಯಿಲೆ ಪತ್ತೆಯಾಗುವ ದಿನಕ್ಕೇ ಬೀಟಾ ಕೋಶಗಳ ಶಕ್ತಿ ಅರ್ಧಕ್ಕೆ ಇಳಿದಿರುತ್ತದೆ. ತೀರಿಕೊಂಡವರ ಮೇದೋಜೀರಕಗಳನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಮಧುಮೇಹವಿದ್ದ ತೆಳ್ಳಗಿನವರಲ್ಲಿ ಬೀಟಾ ಕೋಶಗಳ ಪ್ರಮಾಣ ಶೇ 41ರಷ್ಟು, ದಪ್ಪಗಿನವರಲ್ಲಿ ಶೇ 63ರಷ್ಟು ಕಡಿಮೆಯಾಗಿತ್ತು. ಅಂಚಿನಲ್ಲಿರುವವರಲ್ಲೂ ಆ ಇಳಿಕೆ ಆಗಲೇ ಶುರುವಾಗಿತ್ತು.

ಅಪ್ಪನಿಗೂ ಅಮ್ಮನಿಗೂ ಇದ್ದರೆ ನನಗೂ ಬರುತ್ತದೆಯೇ? ಎರಡನೇ ಬಗೆಯ ಮಧುಮೇಹ ಒಂದು ವಂಶವಾಹಿಯ ಕಾಯಿಲೆಯಲ್ಲ. 2006ರಲ್ಲಿ ಟಿಸಿಎಫ್7ಎಲ್2 ಎಂಬ ವಂಶವಾಹಿಯ ಪಾತ್ರ ಬೆಳಕಿಗೆ ಬಂತು. 2024ರ ಹೊತ್ತಿಗೆ, 25 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ ನಡೆಸಿದ ವಿಶ್ಲೇಷಣೆ ಅಂಥ 611 ತಾಣಗಳನ್ನು ಗುರುತಿಸಿತು. ಒಂದೊಂದರ ಪಾಲೂ ಸಣ್ಣದು. ಆದರೆ ಅವುಗಳಲ್ಲಿ ಪ್ರಮುಖವಾದ ಎಷ್ಟೋ ತಾಣಗಳು ಬೆರಳು ತೋರಿಸುವುದು ಬೀಟಾ ಕೋಶದ ಕಡೆಗೇ. ಅಂದರೆ ಮನೆತನದಿಂದ ಬರುವುದು ಕಾಯಿಲೆಯಲ್ಲ, ಇನ್ಸುಲಿನ್ ಸುರಿಸುವ ಶಕ್ತಿಯ ಕಡಿಮೆ ಮೂಲಧನ. ಭಾರತೀಯರಲ್ಲಿ ಅಷ್ಟೇನೂ ದಪ್ಪವಿಲ್ಲದವರಿಗೂ, ಚಿಕ್ಕ ವಯಸ್ಸಿಗೇ ಮಧುಮೇಹ ಬರುವುದರ ಹಿಂದೆ ಈ ಕೊರತೆಯಿದೆ. ಜೊಲ್ಲು ಕಳಿಸಿದರೆ ನಿಮ್ಮ ಮಧುಮೇಹದ ಭವಿಷ್ಯ ಹೇಳುತ್ತೇವೆ ಎಂಬ ಜಾಹೀರಾತುಗಳಿಗೆ ಹಣ ಸುರಿಯುವ ಅಗತ್ಯ ಸಾಮಾನ್ಯ ಕುಟುಂಬಗಳಿಗೆ ಇಲ್ಲ. ಅಜ್ಜಿ, ಅಪ್ಪ, ಸೋದರಮಾವನಿಗೆ ಯಾವ ವಯಸ್ಸಿನಲ್ಲಿ ಶುಗರ್ ಬಂತು ಎಂದು ಒಂದು ಹಾಳೆಯಲ್ಲಿ ಬರೆದು ವೈದ್ಯರಿಗೆ ತೋರಿಸಿದರೆ ಸಾಕು.

ಈ ಕಥೆಯ ಬಹುಮುಖ್ಯ ಅಧ್ಯಾಯ ನಮ್ಮ ರಾಜ್ಯದಲ್ಲೇ ಬರೆದದ್ದು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಜತನದಿಂದ ಬರೆದಿಟ್ಟಿತ್ತು. ಹಾಗೆ ಹುಟ್ಟಿ ನಡುವಯಸ್ಸಿಗೆ ಬಂದವರನ್ನು ಹುಡುಕಿ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಅಚ್ಚರಿಯದಾಗಿತ್ತು. ಇಂಗ್ಲೆಂಡಿನಲ್ಲಿ ಕಡಿಮೆ ತೂಕದಲ್ಲಿ ಹುಟ್ಟಿದವರಿಗೆ ಮಧುಮೇಹ ಹೆಚ್ಚು. ಮೈಸೂರಿನಲ್ಲಿ ಹೆಚ್ಚು ಕಂಡದ್ದು ಗಿಡ್ಡವಾಗಿ, ಉದ್ದಕ್ಕೆ ಮೀರಿದ ದಪ್ಪದಲ್ಲಿ ಹುಟ್ಟಿದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ. ಗರ್ಭಿಣಿಯ ರಕ್ತದ ಸಕ್ಕರೆಯ ಮೇಲೆ ಅನುಮಾನ ಹುಟ್ಟಿತು.

1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಗರ್ಭಿಣಿಯರಿಂದ ಆರಂಭವಾದ ‘ಪಾರ್ಥೆನಾನ್’ ಅಧ್ಯಯನದಲ್ಲಿ ಶೇ 6.2ರಷ್ಟು ಮಂದಿಗೆ ಗರ್ಭಾವಸ್ಥೆಯ ಮಧುಮೇಹ ಇತ್ತು. ಜಿ.ವಿ. ಕೃಷ್ಣವೇಣಿ ಮತ್ತು ತಂಡ ಈ ತಾಯಂದಿರನ್ನು ಐದು ವರ್ಷಗಳ ನಂತರ ಮತ್ತೆ ಪರೀಕ್ಷಿಸಿತು. ಗರ್ಭಾವಸ್ಥೆಯಲ್ಲಿ ಸಕ್ಕರೆ ಏರಿದ್ದವರಲ್ಲಿ ಶೇ 37ರಷ್ಟು ಮಂದಿ ಮಧುಮೇಹಿಗಳಾಗಿದ್ದರು. ಏರದಿದ್ದವರಲ್ಲಿ ಶೇ 2. ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ ಒಂಬತ್ತೂವರೆ ವರ್ಷಕ್ಕೇ ಕೊಬ್ಬು ಹೆಚ್ಚಾಗಿ, ಇನ್ಸುಲಿನ್‌ಗೆ ದೇಹ ಸ್ಪಂದಿಸುವುದು ಕಡಿಮೆಯಾಗಿತ್ತು. ವಂಶವಾಹಿಯ ಜೊತೆಗೆ ಬಸಿರಿನ ಒಂಬತ್ತು ತಿಂಗಳೂ ಮುಂದಿನ ತಲೆಮಾರಿನ ಬೀಟಾ ಕೋಶಕ್ಕೆ ಹೊರೆ ಹೊರಿಸುತ್ತದೆ. ಈ ಶೇ 37 ಎಂಬ ಸಂಖ್ಯೆಯನ್ನು ಬೆಂಗಳೂರಿನ ಪ್ರತಿ ಹೆರಿಗೆ ಆಸ್ಪತ್ರೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಸಬೇಕು.

ಎಲ್ಲ ಶುಗರ್ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಸಮತ್ವಂ ಕೇಂದ್ರವನ್ನು ಕಟ್ಟಿದ ಡಾ. ಎಸ್.ಎಸ್. ಶ್ರೀಕಾಂತ ಅಮೆರಿಕದ ಜೋಸ್ಲಿನ್ ಕೇಂದ್ರದಲ್ಲಿದ್ದಾಗ, ತದ್ರೂಪಿ ತ್ರಿವಳಿ ಹಾಗೂ ಅವಳಿಗಳನ್ನು ಸಹೋದ್ಯೋಗಿಗಳೊಂದಿಗೆ ಅಧ್ಯಯನ ಮಾಡಿ 1983ರಲ್ಲಿ ಪ್ರಕಟಿಸಿದರು. ಒಂದನೇ ಬಗೆಯ ಮಧುಮೇಹ ದಿಢೀರನೆ ಬರುವಂತೆ ಕಂಡರೂ, ಅದಕ್ಕೆ ವರ್ಷಗಳ ಮೊದಲೇ ರಕ್ತದಲ್ಲಿ ಬೀಟಾ ಕೋಶದ ವಿರುದ್ಧದ ಪ್ರತಿಕಾಯಗಳು ಕಾಣಿಸಿಕೊಂಡು, ಇನ್ಸುಲಿನ್ ಮೆಲ್ಲಮೆಲ್ಲನೆ ಇಳಿಯುತ್ತಿರುತ್ತದೆ ಎಂದು ಅದು ತೋರಿಸಿತು. ಅಂಥ ಪ್ರತಿಕಾಯ ಇರುವವರಲ್ಲಿ ಕಾಯಿಲೆಯನ್ನು ಕೆಲಕಾಲ ಮುಂದೂಡುವ ಟೆಪ್ಲಿಜುಮ್ಯಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಇನ್ನು ಒಂದೇ ವಂಶವಾಹಿ ಕೆಟ್ಟು ಬರುವ ಅಪರೂಪದ ಬಗೆಗಳೂ ಇವೆ. ಹುಟ್ಟಿದ ಆರು ತಿಂಗಳೊಳಗೆ ಮಧುಮೇಹ ಬಂದ ಕೂಸುಗಳಲ್ಲಿ ಹಲವಕ್ಕೆ ಆ ಪೊಟ್ಯಾಸಿಯಂ ನಾಳದ ವಂಶವಾಹಿಯಲ್ಲೇ ದೋಷ ಎಂದು 2004ರಲ್ಲಿ ಗೊತ್ತಾಯಿತು. ಇಂಜೆಕ್ಷನ್ ನಿಲ್ಲಿಸಿ ಅಗ್ಗದ ಮಾತ್ರೆ ಕೊಟ್ಟರೆ ಅಂಥ ಹೆಚ್ಚಿನ ಮಕ್ಕಳಿಗೆ ಸಾಕು ಎಂದು 2006ರಲ್ಲಿ ಸಾಬೀತಾಯಿತು. ಅಷ್ಟು ಎಳೆಯ ಕೂಸಿಗೆ ಮಧುಮೇಹ ಎಂದರೆ ವಂಶವಾಹಿ ಪರೀಕ್ಷೆ ಆಗಲೇಬೇಕು. ಇಪ್ಪತ್ತರ ಹರೆಯದ ತೆಳ್ಳಗಿನ ಹುಡುಗನಿಗೆ ಶುಗರ್ ಬಂದರೆ ಅಪ್ಪನ ಮಾತ್ರೆಯನ್ನೇ ಕೊಟ್ಟು ಕಳಿಸದೆ, ಸಿ-ಪೆಪ್ಟೈಡ್ ಮತ್ತು ಪ್ರತಿಕಾಯ ಪರೀಕ್ಷೆ ಮಾಡಿಸಬೇಕು. ರಾಜಾಜಿನಗರದ ಇಎಸ್ಐ ಆಸ್ಪತ್ರೆಗೆ ಬರುವ ಪೀಣ್ಯ, ಕಾಮಾಕ್ಷಿಪಾಳ್ಯದ ದುಡಿಯುವ ಯುವಕರಿಗೂ ಇದು ದಕ್ಕಬೇಕು.

ಕಾಂಡಕೋಶದಿಂದ ಹೊಸ ಬೀಟಾ ಕೋಶ ಬೆಳೆಸುವ ಸುದ್ದಿ ನಿಜ. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12 ಮಂದಿಯಲ್ಲಿ 10 ಮಂದಿ ಇನ್ಸುಲಿನ್ ಇಂಜೆಕ್ಷನ್ ಬಿಟ್ಟರು. ಅದು ಒಂದನೇ ಬಗೆಯ ತೀವ್ರ ಕಾಯಿಲೆಯವರಿಗೆ, ಜೀವನಪೂರ್ತಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳೊಂದಿಗೆ. ಅದನ್ನು ನಂಬಿ ಬಾರ್ಡರ್‌ನಲ್ಲಿರುವವರು ಕಾಯುವಂತಿಲ್ಲ.

ಕಾಯದೆ ಹೊರಟವರಿಗೆ ಫಲ ಸಿಕ್ಕಿದೆ. ಚೆನ್ನೈನಲ್ಲಿ ಎ. ರಾಮಚಂದ್ರನ್ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಂಚಿನಲ್ಲಿದ್ದವರನ್ನು ಹಾಗೇ ಬಿಟ್ಟಾಗ ಮೂರು ವರ್ಷಗಳಲ್ಲಿ ಶೇ 55ರಷ್ಟು ಮಂದಿ ಮಧುಮೇಹಿಗಳಾದರು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಅದು ಶೇ 39ಕ್ಕೆ ಇಳಿಯಿತು. ಕಾಯಿಲೆ ಪತ್ತೆಯಾಗಿ ಆರು ವರ್ಷದೊಳಗಿನ ಬ್ರಿಟನ್ನಿನ ರೋಗಿಗಳಲ್ಲಿ ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದವರ ಪೈಕಿ ಶೇ 46ರಷ್ಟು ಮಂದಿ ಒಂದು ವರ್ಷದಲ್ಲಿ ಮಾತ್ರೆಯಿಲ್ಲದೆ ಮಧುಮೇಹದಿಂದ ಹೊರಬಂದರು. ಸುಮ್ಮನಾದ ಕೋಶಗಳು ಎದ್ದವು.

ಸರ್ಕಾರದ ತಪಾಸಣೆ ಶುರುವಾಗುವುದು 30 ವರ್ಷಕ್ಕೆ. 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆಗೂ ಅದೇ ಗಡಿ. ಮನೆಯಲ್ಲಿ ಮಧುಮೇಹ ಇರುವವರಿಗೆ 30 ತಡವಾಯಿತು. ಕೆಂಗೇರಿಯಿಂದ ರಾಜಾಜಿನಗರದವರೆಗಿನ ಸರ್ಕಾರಿ ‘ನಮ್ಮ ಕ್ಲಿನಿಕ್’ಗಳು ಅಂಥವರನ್ನು 20ರಿಂದಲೇ, ಊಟದ ನಂತರದ ಸಕ್ಕರೆಯನ್ನೂ ಸೇರಿಸಿ ನೋಡಲಿ. ರಾತ್ರಿ ಪಾಳಿಯ ಕ್ಯಾಬ್ ಚಾಲಕರು, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು ಹಗಲು ಹೊತ್ತಿನಲ್ಲಿ ಬರಲಾರರು, ಅವರಿಗಾಗಿ ವಾರಕ್ಕೊಮ್ಮೆಯಾದರೂ ಸಂಜೆ ತೆರೆದಿರಲಿ.

ಅತ್ಯಂತ ಸುಲಭವಾಗಿ ಆಗಬಹುದಾದ ಕೆಲಸ ಇನ್ನೊಂದಿದೆ. ಗರ್ಭಾವಸ್ಥೆಯಲ್ಲಿ ಶುಗರ್ ಬಂದಿದ್ದ ತಾಯಿ ಹೆರಿಗೆಯ ಆರು ವಾರಕ್ಕೆ ಗ್ಲೂಕೋಸ್ ಪರೀಕ್ಷೆಗೆ ಬರಬೇಕು. ತನಗಾಗಿ ಆಕೆ ಬರುವುದಿಲ್ಲ. ಮಗುವಿಗೆ ಲಸಿಕೆ ಹಾಕಿಸಲು ಆರನೇ ವಾರ ತಪ್ಪದೆ ಬರುತ್ತಾಳೆ, ಹತ್ತನೇ ವಾರ ಬರುತ್ತಾಳೆ, ಹದಿನಾಲ್ಕನೇ ವಾರವೂ ಬರುತ್ತಾಳೆ. ತಾಯಿ ಕಾರ್ಡಿನ ಮೇಲೆ ‘ಗರ್ಭದಲ್ಲಿ ಶುಗರ್ ಇತ್ತು’ ಎಂದು ಕೆಂಪು ಅಕ್ಷರದಲ್ಲಿ ಬರೆದಿಟ್ಟು, ಆರನೇ ವಾರದ ಲಸಿಕೆಯ ದಿನ ಖಾಲಿ ಹೊಟ್ಟೆಯಲ್ಲಿ ಬರಲು ಆಶಾ ಕಾರ್ಯಕರ್ತೆಯಿಂದ ಹೇಳಿಸಿ, ಮಗುವಿಗೆ ಚುಚ್ಚುಮದ್ದು ಕೊಡುವ ಕೊಠಡಿಯಲ್ಲೇ ಆಕೆಯ ರಕ್ತವನ್ನೂ ತೆಗೆದುಕೊಳ್ಳಬಹುದು. ಆ ದಿನ ತಪ್ಪಿದರೆ ಹತ್ತನೇ ವಾರ ಇದ್ದೇ ಇದೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯೋಜನೆಯ ಹೆಸರೂ ಬೇಡ. ಪಾಲಿಕೆಯ ಆರೋಗ್ಯ ವಿಭಾಗದಿಂದ ಒಂದು ಸುತ್ತೋಲೆ ಹೊರಟರೆ ಸಾಕು.