ಮೂಗಿನ ದಾರಿಯಲ್ಲಿ ಉಸಿರಿನ ಕೊಳವೆ

ಮೂಗಿನ ಹೊಳ್ಳೆಯಿಂದ ಒಳಕ್ಕೆ ಹೋಗುವ ದಾರಿ ಯಾವ ದಿಕ್ಕಿನಲ್ಲಿದೆ? ಮೇಲಕ್ಕೆ, ಹುಬ್ಬಿನ ಕಡೆಗೆ ಎಂದೇ ಹೆಚ್ಚಿನವರು ಹೇಳುತ್ತಾರೆ. ಮೂಗಿನ ಹೊರ ಆಕಾರ ಹಾಗೆ ನಂಬಿಸುತ್ತದೆ. ನಿಜವಾಗಿ ಗಂಟಲಿಗೆ ಹೋಗುವ ದಾರಿ ನೇರ ಹಿಂದಕ್ಕಿದೆ. ಬಾಯಿಯ ಅಂಗುಳವೇ ಅದರ ನೆಲ. ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಈ ಸಣ್ಣ ಸಂಗತಿಗೆ ದೊಡ್ಡ ಬೆಲೆಯಿದೆ.

ಪೂರ್ಣ ಅರಿವಳಿಕೆ ಕೊಟ್ಟಾಗ ರೋಗಿಯ ಉಸಿರಾಟಕ್ಕೆಂದು ಶ್ವಾಸನಾಳಕ್ಕೆ ಕೊಳವೆ ಇಳಿಸುವುದುಂಟು. ಸಾಮಾನ್ಯವಾಗಿ ಅದು ಬಾಯಿಯ ಮೂಲಕ ಹೋಗುತ್ತದೆ. ಆದರೆ ಮುರಿದ ದವಡೆಯನ್ನು ಜೋಡಿಸಬೇಕಾದಾಗ, ಬಾಯಿಯ ಕ್ಯಾನ್ಸರ್ ಗಡ್ಡೆ ತೆಗೆಯಬೇಕಾದಾಗ, ಅಲ್ಲಿ ಕೊಳವೆಯೂ ಇದ್ದರೆ ಶಸ್ತ್ರವೈದ್ಯರಿಗೆ ಕೈಯಾಡಿಸಲು ಜಾಗವೆಲ್ಲಿ? ಇನ್ನು ಕೆಲವರ ಬಾಯಿ ತೆರೆಯುವುದೇ ಕಷ್ಟ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಭಾಗ ನಾರುಗಟ್ಟಿ ಬಿಗಿಯುತ್ತದೆ. ಎರಡು ಬೆರಳು ತೂರುವಷ್ಟೂ ಬಾಯಿ ಬಿಡಲಾಗದ ಹರೆಯದ ಹುಡುಗರೂ ಇದ್ದಾರೆ. (ಅಡಿಕೆ ಬೆಳೆಯಲ್ಲಿ ದೇಶಕ್ಕೇ ಮೊದಲಾದ ಕರ್ನಾಟಕದ ಹೆತ್ತವರು ಇದನ್ನು ಗಮನಿಸಬೇಕು.) ಇಂಥವರಿಗೆಲ್ಲ ಮೂಗೇ ದಾರಿ.

ಈ ದಾರಿಯನ್ನು ರೂಢಿಗೆ ತಂದವರಲ್ಲಿ ಐವನ್ ಮ್ಯಾಗಿಲ್ ಮತ್ತು ಸ್ಟ್ಯಾನ್ಲಿ ರೋಬಾಥಮ್ ಪ್ರಮುಖರು. ಮೊದಲ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಯಲ್ಲಿ ಮುಖ ಛಿದ್ರವಾದ ಸೈನಿಕರಿಗೆ ಅವರು ಅರಿವಳಿಕೆ ಕೊಡುತ್ತಿದ್ದರು. ಅಂದಿನ ಕೊಳವೆ ರಬ್ಬರಿನದು. ಕೊಳವೆಯ ತುದಿಯನ್ನು ಗಂಟಲಲ್ಲಿ ಹಿಡಿದು ದಾರಿಗೆ ತಿರುಗಿಸಲು ಮ್ಯಾಗಿಲ್ 1920ರಲ್ಲಿ ರೂಪಿಸಿದ ಬಾಗಿದ ಇಕ್ಕುಳ ಇಂದಿಗೂ ಬಳಕೆಯಲ್ಲಿದೆ.

ತೊಂದರೆಯೆಂದರೆ ರಕ್ತಸ್ರಾವ. ಎರಡು ಹೊಳ್ಳೆಗಳ ನಡುವಿನ ಗೋಡೆಯ ಮುಂಭಾಗದಲ್ಲಿ ಹಲವು ರಕ್ತನಾಳಗಳು ಕೂಡುತ್ತವೆ. ಮಕ್ಕಳು ಬೆರಳು ಹಾಕಿ ಕೆರೆದಾಗ ರಕ್ತ ಸುರಿಯುವುದು ಬಹುಮಟ್ಟಿಗೆ ಇಲ್ಲಿಂದಲೇ. ಕೊಳವೆಯ ಅಂಚು ತಗುಲಿದರೂ ಹಾಗೆಯೇ. ಸುರಿದ ರಕ್ತ ಹೆಚ್ಚೇನೂ ಇರಲಿಕ್ಕಿಲ್ಲ. ಆದರೆ ಅದು ಗಂಟಲಿಗೆ ಇಳಿದರೆ ವೈದ್ಯರಿಗೆ ಶ್ವಾಸನಾಳದ ಬಾಯಿಯೇ ಕಾಣದಂತಾಗಬಹುದು. ಪ್ರಜ್ಞೆಯಿಲ್ಲದ ರೋಗಿ ಕೆಮ್ಮಿ ಅದನ್ನು ಹೊರಹಾಕಲಾರ. ಉಸಿರು ಉಳಿಸಲು ಹಾಕುವ ಕೊಳವೆಯೇ ಉಸಿರಿಗೆ ಅಡ್ಡ ಬಂದಂತೆ!

ಇದನ್ನು ತಡೆಯುವ ಉಪಾಯಗಳು ಹೈಸ್ಕೂಲಿನ ವಿಜ್ಞಾನಕ್ಕೆ ನಿಲುಕುವಂಥವು. ಇಂದಿನ ಕೊಳವೆ ಹೆಚ್ಚಾಗಿ ಪಿವಿಸಿ ಪ್ಲಾಸ್ಟಿಕ್ಕಿನದು. ಬೆಚ್ಚಗಿನ, ಕ್ರಿಮಿರಹಿತ ಉಪ್ಪುನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಟ್ಟರೆ ಅದು ಮೆತ್ತಗಾಗಿ ತಿರುವಿನಲ್ಲಿ ಬಾಗುತ್ತದೆ, ಗೀರುವುದಿಲ್ಲ. ಜಾರಲೆಂದು ಜೆಲ್ಲಿ ಸವರುತ್ತಾರೆ. ತಳ್ಳುವಾಗ ಮೇಲಕ್ಕಲ್ಲ, ಅಂಗುಳದ ಮೇಲೆ ನೇರ ಹಿಂದಕ್ಕೆ. ಅಡ್ಡಿ ಬಂದರೆ ಬಲ ಹಾಕದೆ ಹಿಂದೆಗೆದು ಇನ್ನೊಂದು ಹೊಳ್ಳೆ ನೋಡುತ್ತಾರೆ.

ಇದಕ್ಕೆ ಮೊದಲು ಹಾಕುವ ಹನಿಗಳ ಕೆಲಸ ಹೆಚ್ಚು ಸ್ವಾರಸ್ಯಕರ. ನೆಗಡಿಯಲ್ಲಿ ಮೂಗು ಬಿಡಿಸುವ ಕ್ಸೈಲೋಮೆಟಜೋಲಿನ್‌ನಂಥ ಔಷಧವೇ ಇಲ್ಲಿಯೂ ಬೇಕು. ಅದು ರಕ್ತನಾಳಗಳನ್ನು ಕುಗ್ಗಿಸುತ್ತದೆ. ಫ್ರಾನ್ಸಿನ ಪ್ವಾಸೆಯ್ 19ನೇ ಶತಮಾನದಲ್ಲಿ ಕಂಡುಕೊಂಡ ನಿಯಮದಂತೆ, ಒತ್ತಡ ಬದಲಾಗದಿದ್ದರೆ ಕೊಳವೆಯಲ್ಲಿ ಹರಿಯುವ ದ್ರವದ ಪ್ರಮಾಣ ತ್ರಿಜ್ಯದ ನಾಲ್ಕನೇ ಘಾತವನ್ನು ಅವಲಂಬಿಸುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಾಗುತ್ತದೆ! ಹಾಗಾದರೆ ಉಸಿರಿನ ಕೊಳವೆಯನ್ನೂ ತೀರಾ ಸಪೂರ ಮಾಡಿಬಿಡಬಾರದೇಕೆ? ಅದೇ ಲೆಕ್ಕ ಇಲ್ಲಿ ತಿರುಗಿ ಬೀಳುತ್ತದೆ. ಕೊಳವೆ ಕಿರಿದಾದಂತೆ ಗಾಳಿಗೂ ತಡೆ ಹೆಚ್ಚು. ಆದ್ದರಿಂದ ವಯಸ್ಕರಿಗೆ ಒಳವ್ಯಾಸ ಸಾಮಾನ್ಯವಾಗಿ 6ರಿಂದ 7 ಮಿಲಿಮೀಟರಿನ ಕೊಳವೆಯನ್ನು ಆರಿಸುತ್ತಾರೆ.

ರೋಗಿಯ ಕಡೆಯವರಿಗೂ ಕೆಲಸವಿದೆ. ಆಗಾಗ ಮೂಗಿನಿಂದ ರಕ್ತ ಬರುತ್ತದೆಯೇ, ಒಂದು ಹೊಳ್ಳೆ ಸದಾ ಕಟ್ಟಿರುತ್ತದೆಯೇ, ಆಸ್ಪಿರಿನ್ ಅಥವಾ ರಕ್ತ ಹೆಪ್ಪುಗಟ್ಟದಂತೆ ಮಾಡುವ ಬೇರೆ ಮಾತ್ರೆ ನುಂಗುತ್ತಿದ್ದಾರೆಯೇ, ಮಗುವಾದರೆ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತದೆಯೇ ಎಂಬುದನ್ನು ಅರಿವಳಿಕೆ ತಜ್ಞರಿಗೆ ಮೊದಲೇ ಹೇಳಬೇಕು. ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಇಷ್ಟಾದರೂ ರಕ್ತ ಬಂದರೆ? ಕೊಳವೆ ಸರಿಯಾಗಿ ಕೂತಿದ್ದರೆ ವೈದ್ಯರು ಅದನ್ನು ಗಾಬರಿಯಿಂದ ಕೀಳುವುದಿಲ್ಲ. ಗಾಯವನ್ನು ಒತ್ತಿ ಹಿಡಿದು ರಕ್ತ ನಿಲ್ಲಿಸಲು ಅದೇ ಕೊಳವೆ ನೆರವಾಗುತ್ತದೆ.